ಮೂರು ಏಟಿನ ಲಂಗರು

ಸೆಪ್ಟೆಂಬರ್ 6, 1992, ಭಾನುವಾರ

ಈ ನೋಟ್‌ಬುಕ್ಕಿನ ಮೊದಲ ಹನ್ನೊಂದು ಪುಟಗಳಲ್ಲಿ ರಸಾಯನಶಾಸ್ತ್ರವಿದೆ. ಹನ್ನೆರಡನೆಯ ಪುಟಕ್ಕೆ ನಾನು ಶಾಲೆ ಬಿಟ್ಟೆ. ಪರೀಕ್ಷೆಯಲ್ಲಿ ಇಡೀ ತರಗತಿ ನಕಲು ಮಾಡಿತ್ತು, ನಾನೂ ಮಾಡಿದ್ದೆ. ಮೇಷ್ಟ್ರು ಕೇಳಿದಾಗ ಎದ್ದು ನಿಂತು ಹೌದು ಅಂದವಳು ನಾನೊಬ್ಬಳೇ, ಶಿಕ್ಷೆಯೂ ನನಗೊಬ್ಬಳಿಗೇ. ಕ್ಷಮೆ ಕೇಳಿ ಬಾ ಅಂದರು, ಹೋಗಲಿಲ್ಲ. ಅಪ್ಪ ಆಗ ಹೇಳಿದ್ದು ಇಷ್ಟೇ: "ನಕಲು ಮಾಡೋದು ಬಂತಲ್ಲ, ಸಾಕಿತ್ತು ಕಣೇ ಇಸಾಂಗ್. ಹೇಳೋದು ಯಾಕೆ ಬೇಕಿತ್ತು?"

ಶುಕ್ರವಾರ ಡಾಕ್ಟರು ಹೇಳಿದ್ದನ್ನು ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನಾನೇ ಅದನ್ನು ಮೆತ್ತಗೆ ಮಾಡಿಕೊಂಡು ನೆನಪಿಟ್ಟುಕೊಳ್ಳುತ್ತೇನೆ. ಐದು ತಿಂಗಳಿಂದ ಅಪ್ಪನ ಗಂಟಲು ಕಟ್ಟಿರುವುದು, ನಾವಂದುಕೊಂಡ ಹಾಗೆ, ಹೋದ ವರ್ಷ ಸಿಡಿದ ಜ್ವಾಲಾಮುಖಿಯ ಬೂದಿಯಿಂದಲ್ಲ. ಅದು ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಈ ತಿಂಗಳ ಇಪ್ಪತ್ತೆಂಟಕ್ಕೆ. ಏನು ಕೆಲಸ ಮಾಡ್ತೀರಿ ಎಂದು ಡಾಕ್ಟರು ಕೇಳಿದರು. "ಹಾಡ್ತೀನಿ" ಎಂದ ಅಪ್ಪ. ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಬೇಜಾರ್ ಮಾಡ್ಕೋಬೇಡಿ ಡಾಕ್ಟ್ರೇ. ಅಮೆರಿಕದ ನೌಕಾಪಡೆಯವರು ಇಲ್ಲಿನ ನೆಲೆ ಬಿಟ್ಟು ಹಡಗು ಹತ್ತಿ ಹೊರಟ್ರು, ನಮ್ಮ ಒಲೊಂಗಾಪೋದ ಬಾರ್‌ಗಳೆಲ್ಲ ಬಾಗಿಲು ಹಾಕಿದ್ವು. ಗಂಟಲು ಅದನ್ನ ನೋಡಿ ತಾನೂ ಹಾಕ್ತಾ ಇದೆ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂತು. ಯಾಕೆಂದು ಗೊತ್ತಿಲ್ಲ.

ಇವತ್ತು ಮೂರು ಗಂಟೆಗೆ ಎಂದಿನಂತೆ ರೇಡಿಯೋ ಮುಂದೆ ಕೂತ. ಮನಿಲಾದ ಹಲ್ಲಿನ ಡಾಕ್ಟರೊಬ್ಬರು, ಲಕ್ವೆಸ್ತಾ ಅಂತ, ಪ್ರತಿ ಭಾನುವಾರ ಒಂದು ಗಂಟೆ 'ಅದೇ ಹಾಡು, ಬೇರೆ ಗಂಟಲು' ಎಂಬ ಕಾರ್ಯಕ್ರಮ ನಡೆಸುತ್ತಾರೆ. ಅದರಲ್ಲಿ ಬರೀ ತೆರೋಯ್ ವಲ್ಡೆಲ್ಯೋನ್. ತೆರೋಯ್ ಸತ್ತು ಹತ್ತು ವರ್ಷವಾಯಿತು. ನಮ್ಮ ಭಾಷೆಯಲ್ಲಿ ರಾಕ್ ಹಾಡಿದವರಲ್ಲಿ ಅವನಂಥವನು ಇನ್ನೊಬ್ಬನಿಲ್ಲ. ಅವನ ಹಾಡುಗಳನ್ನು ಯಾರು ಯಾರು, ಎಲ್ಲೆಲ್ಲಿ, ಹೇಗೆ ಹೇಗೆ ಹಾಡಿದ್ದಾರೆ ಎಂಬುದನ್ನೆಲ್ಲ ಲಕ್ವೆಸ್ತಾ ಕೂಡಿಹಾಕುತ್ತಾರೆ. ಇವತ್ತು ಅನಾಥಾಶ್ರಮದ ಮಕ್ಕಳಿಂದ ಕ್ರೈಸ್ತ ಸನ್ಯಾಸಿನಿಯರು ಹಾಡಿಸಿದ ಒಂದು ಹಾಡು ಬಂತು.

"ಹಾಡಿಗೆ ಸ್ನಾನ ಮಾಡಿಸಿ ಪೌಡರ್ ಹಚ್ಚಿಬಿಟ್ಟಿದ್ದಾರೆ" ಎಂದ ಅಪ್ಪ, ಆ ಹರಕು ದನಿಯಲ್ಲಿ.

ಆಗ ಹೊಳೆಯಿತು. ಇನ್ನು ಇಪ್ಪತ್ತೆರಡು ದಿನಕ್ಕೆ ಈ ಹರಕು ದನಿಯೂ ಇರುವುದಿಲ್ಲ. ಅದರ ಒಂದು ಟೇಪೂ ನಮ್ಮ ಮನೆಯಲ್ಲಿಲ್ಲ.

ಸೆಪ್ಟೆಂಬರ್ 9

ಇಲ್ಲ ಎಂದು ಬರೆದದ್ದು ಪೂರ್ತಿ ಸರಿಯಲ್ಲ. ಮಂಚದ ಕೆಳಗೆ ನಲವತ್ತೊಂದು ಕ್ಯಾಸೆಟ್‌ಗಳಿವೆ. ಮೂರು ದಿನ ಕೂತು ಎಲ್ಲವನ್ನೂ ಕೇಳಿದೆ. ಎಲ್ಲದರಲ್ಲೂ ಅಪ್ಪ ಹಾಡುತ್ತಾನೆ, ಒಂದರಲ್ಲೂ ಅಪ್ಪ ಇಲ್ಲ.

ಇಲ್ಲಿನ ಬ್ಯಾಂಡಿನವರು 'ಪ್ಲಕಾಡೊ' ಎನ್ನುತ್ತಾರೆ. ಗ್ರಾಮಫೋನ್ ಪ್ಲೇಟಿನಲ್ಲಿ ಹೇಗಿದೆಯೋ ಹಾಗೇ, ಕೂದಲೆಳೆ ಆಚೀಚೆ ಆಗದಂತೆ ಹಾಡುವುದು. ಕಣ್ಣು ಮುಚ್ಚಿ ಕೇಳಿದ ನಾವಿಕನಿಗೆ ತನ್ನ ಊರಿನ ರೇಡಿಯೋ ಕೇಳಿದಂತಾಗಬೇಕು. ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲಿ ಇಲ್ಲ. ಅಪ್ಪನ ಬ್ಯಾಂಡು 'ನೀಲಿ ಕೋಣ'. ಇಪ್ಪತ್ತೆರಡು ವರ್ಷ ಅಪ್ಪ ಬಿಳಿಯರಾಗಿ, ಕರಿಯರಾಗಿ, ಹೆಂಗಸರಾಗಿಯೂ ಹಾಡಿದ. ಭಾನುವಾರ ಊರಿನವರಿಗಾಗಿ ತೆರೋಯ್ ಆಗಿ ಹಾಡಿದ. ತೆರೋಯ್ ಸಿಗರೇಟು ಸೇದಿ ಸೇದಿ ದಮ್ಮು ಸಾಲದೆ ಪದದ ನಡುವೆ ಉಸಿರೆಳೆದರೆ ಅಪ್ಪನೂ ಅಲ್ಲೇ ಉಸಿರೆಳೆಯುತ್ತಾನೆ. ಅಪ್ಪ ಸಿಗರೇಟು ಸೇದಿದವನೇ ಅಲ್ಲ.

ನನ್ನ ಮಟ್ಟಿಗೆ ಇದು ಹಾಡುವುದಲ್ಲ. ಬೇರೆಯವರ ಅಂಗಿ ಹಾಕಿಕೊಂಡು ಇಡೀ ಜನ್ಮ ಕಳೆಯುವುದು. ಇದನ್ನು ಅಪ್ಪನ ಎದುರಿಗೇ ಹಿಂದೆ ಹೇಳಿದ್ದೇನೆ.

ಪಾಸಿಂಗ್ ಅತ್ತೆ, ಅಪ್ಪನ ಅಕ್ಕ, ಬಾಗಿಲ ಹೊರಗೆ ಸಕ್ಕರೆ ಹಚ್ಚಿದ ಬಾಳೆಹಣ್ಣು ಕರಿಯುತ್ತಾ ನನ್ನ ಹುಡುಕಾಟ ನೋಡುತ್ತಿದ್ದಳು. "ಈಗ ಹುಡುಕ್ತಾಳೆ ಮಹಾರಾಣಿ! ಎರಡು ವರ್ಷದ ಕೂಸಿದ್ದಾಗ ತೆರೋಯ್ ಪ್ಲೇಟಿನ ಮೇಲೆ ಮುಳ್ಳು ಎಳೆದು ಗೀರು ಹಾಕಿದೋಳು ಇವಳೇ. ಊರಿಗೆಲ್ಲ ಅದೊಂದೇ ಪ್ಲೇಟು!"

ಆ ಕತೆ ನೂರು ಸಲ ಕೇಳಿದ್ದೇನೆ. 'ಲಂಗರು' ಎಂಬ ಹಾಡಿನ ಮೇಲೆ ನನ್ನ ಗೀರು ಬಿದ್ದಿದೆ. ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಡ್ರಮ್ಮಿನ ನಾಲ್ಕು ಏಟುಗಳಿರಬೇಕು. ಗೀರಿನ ಬಳಿ ಮುಳ್ಳು ಹಾರಿ ಮೂರೇ ಕೇಳಿಸುತ್ತದೆ. ನೀಲಿ ಕೋಣದವರು ಆ ಪ್ಲೇಟಿನಿಂದಲೇ ಕಲಿತರು, ಮೂರೇ ಕಲಿತರು. ಆಮೇಲೆ ರೇಡಿಯೋದಲ್ಲಿ ನಾಲ್ಕು ಕೇಳಿದಾಗ ರೇಡಿಯೋದವರದೇ ತಪ್ಪು ಎಂದುಕೊಂಡರಂತೆ. ತಿಳಿಯುವ ಹೊತ್ತಿಗೆ ಮೂರು ಅವರ ಕೈಗೆ ಹತ್ತಿಹೋಗಿತ್ತು. ಒಲೊಂಗಾಪೋದಲ್ಲಿ ಇವತ್ತಿಗೂ 'ಲಂಗರು' ಮೂರು ಏಟಿನದೇ.

ಸೆಪ್ಟೆಂಬರ್ 13, ಭಾನುವಾರ

ಇವತ್ತು ಲಕ್ವೆಸ್ತಾ ಹೇಳಿದರು: "ತೆರೋಯ್ 'ಲಂಗರು' ಹಾಡನ್ನು ವೇದಿಕೆಯ ಮೇಲೆ ಹಾಡಿದ್ದು ಒಂದೇ ಒಂದು ಸಲ, 1979ರಲ್ಲಿ, ಒಲೊಂಗಾಪೋದ ಒಂದು ಸಿನಿಮಾ ಟಾಕೀಸಿನಲ್ಲಿ. ಅದರ ಟೇಪು ಯಾರ ಬಳಿಯಾದರೂ ಇದ್ದರೆ, ಅವರ ಹಲ್ಲುಗಳನ್ನು ನಾನು ಸಾಯುವವರೆಗೆ ಪುಕ್ಕಟೆ ನೋಡಿಕೊಳ್ಳುತ್ತೇನೆ."

ಅಪ್ಪ ರೇಡಿಯೋ ಆರಿಸಿದ. ಆ ಕಾರ್ಯಕ್ರಮವನ್ನು ಅರ್ಧಕ್ಕೆ ಆರಿಸಿದ್ದು ಇದೇ ಮೊದಲು.

"ಅವತ್ತು ನೀಲಿ ಕೋಣ ತಾನೇ ನುಡಿಸಿದ್ದು?" ಎಂದೆ.

"ಹೂಂ."

"ಮತ್ತೆ ಯಾಕೆ ಮುಖ ಹೀಗೆ?"

ಅಪ್ಪ ಎದ್ದು ಹೊರಗೆ ಹೋದ. ಹೇಳಿದವರು ಮಾಂಗ್ ದೋರೋ. ಅವರೇ ಬ್ಯಾಂಡಿನ ಡ್ರಮ್ಮು. ಈಗ ಊರಿನ ಜನರನ್ನು ಸಾಗಿಸುವ ಬಾಡಿಗೆ ಜೀಪು, ಜೀಪ್ನಿ, ಓಡಿಸುತ್ತಾರೆ. ಸಂಜೆ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ.

"ತೆರೋಯ್ ಅವತ್ತು ನಿಲ್ಲೋ ಸ್ಥಿತೀಲಿ ಇರ್ಲಿಲ್ಲ ಮಗಳೇ. ದನಿ ಪೂರ್ತಿ ಹೋಗಿತ್ತು, ಹೊಟ್ಟೆ ತುಂಬ ಜಿನ್ನು. ಟಾಕೀಸಿನವರು ಟಿಕೆಟ್ ಹರಿದು ಆಗಿತ್ತು. ನಿಮ್ಮಪ್ಪನ್ನ ಪರದೆ ಹಿಂದೆ ನಿಲ್ಲಿಸಿ ಇನ್ನೊಂದು ಮೈಕು ಕೊಟ್ಟರು. ತೆರೋಯ್ ಮುಂದೆ ಹಾಡ್ತಾನೆ, ನಿಮ್ಮಪ್ಪ ಸಾಂತೋ ಹಿಂದೆ ಹಾಡ್ತಾನೆ. ಯಾರ ದನಿ ಚೆನ್ನಾಗಿ ಬರ್ತದೋ ಆ ಮೈಕು ಬಿಡೋದು, ಇನ್ನೊಂದು ಮುಚ್ಚೋದು. ಮೈಕಿನ ಗುಬುಟು ತಿರುಗಿಸ್ತಿದ್ದೋನು ನನ್ನ ಚಿಕ್ಕಪ್ಪನ ಮಗ. ಸತ್ತೋದ ಪಾಪ."

"'ಲಂಗರು' ಹಾಡಿದ್ದು ಯಾರು?"

"ಇಬ್ರೂ ಹಾಡಿದ್ರು. ಹೊರಗೆ ಬಂದದ್ದು ಯಾರದ್ದು ಅಂತ ಅವರಿಗೇ ಗೊತ್ತಿಲ್ಲ. ನಾನಂತೂ ಬಾರಿಸ್ತಿದ್ದೆ. ನನ್ನ ಕಿವಿಗೆ ನನ್ನ ಡ್ರಮ್ಮೇ."

ಮನೆಗೆ ಬಂದು ಅಪ್ಪನನ್ನು ಕೇಳಿದೆ. "ತೆರೋಯ್‌ದೇ" ಎಂದ. "ಆ ಹಾಡನ್ನ ಅವನು ಯಾರಿಗೂ ಬಿಟ್ಟುಕೊಡ್ತಿರ್ಲಿಲ್ಲ."

"ನಿನಗೆ ಹೇಗೆ ಗೊತ್ತು?"

"ಜನ ಅತ್ತರು ಕಣೇ. ನಾನು ಹಾಡಿದ್ರೆ ಜನ ಕುಡೀತಾರೆ."

ಸೆಪ್ಟೆಂಬರ್ 20, ಭಾನುವಾರ

ಟೇಪ್ ರೆಕಾರ್ಡರ್ ಎರವಲು ತಂದೆ. ಹೊಸ ಕ್ಯಾಸೆಟ್ ಹಾಕಿ ಅಪ್ಪನ ಎದುರಿಗಿಟ್ಟೆ.

"ಹಾಡು."

"ಯಾರ್ ಥರ?"

"ಯಾರ್ ಥರಾನೂ ಬೇಡ. ನಿನ್ನ ಥರ."

ಅಪ್ಪ ಬಹಳ ಹೊತ್ತು ಯೋಚಿಸಿದ. ಹಠಕ್ಕಲ್ಲ, ನಿಜವಾಗಿಯೂ ಹುಡುಕುತ್ತಿದ್ದ, ಜೇಬಿನಲ್ಲಿ ಬೀಗದ ಕೈ ಹುಡುಕುವ ಹಾಗೆ. ಬಾಯಿ ತೆರೆದ. ಬಂದದ್ದು ತೆರೋಯ್. ನಿಲ್ಲಿಸಿದ. ಮತ್ತೆ ತೆರೆದ. ಬಂದದ್ದು ಯಾರೋ ಅಮೆರಿಕದವನು. ಗಂಟಲು ಸರಿಮಾಡಿಕೊಂಡ, ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ.

"ಸುಮ್ನೆ ಮಾತಾದ್ರೂ ಆಡು" ಎಂದೆ.

"ಏನಂತ?"

"ಏನಾದ್ರೂ."

"ಇಸಾಂಗ್ ಮೊಂಡಿ. ಇಸಾಂಗ್‌ಗೆ ಹಸಿವಾಗಿದೆ. ಇಸಾಂಗ್‌ಗೆ ಅವಳ ಅಪ್ಪ..." ಅಷ್ಟಕ್ಕೆ ನಿಂತ. ಹಿಂದಕ್ಕೆ ತಿರುಗಿಸಿ ಕೇಳಿಸು ಎಂದು ಸನ್ನೆ ಮಾಡಿದ. ಕೇಳಿದ. ಮುಖ ಹಿಂಡಿಕೊಂಡಿತು. "ಥೂ, ಇದ್ಯಾರು, ಮೀನು ಮಾರೋ ಮುದುಕ" ಎಂದವನೇ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿ, ಅದರ ಮೇಲೆ ನಿಶ್ಶಬ್ದವನ್ನು ತುಂಬಿಬಿಟ್ಟ. ನಾನು ಕೈ ಹಿಡಿದೆ. ಬಿಡಿಸಿಕೊಂಡ. ಇಪ್ಪತ್ತೆರಡು ವರ್ಷ ಯಾವ ಟೇಪಿನಲ್ಲೂ ತಪ್ಪು ಉಳಿಸದವನ ಕೈ ಅದು, ಬಲವಾಗಿತ್ತು.

ನಾನು ಏನೇನೋ ಅಂದೆ. ನಿನಗೆ ಅಂತ ಒಂದು ಗಂಟಲೇ ಇರಲಿಲ್ಲ, ಕತ್ತರಿಸಲು ಡಾಕ್ಟರಿಗೆ ಏನು ಸಿಗುತ್ತದೋ ನೋಡೋಣ, ಎಂದೆ. ಅಂದದ್ದು ನಿಜ, ಅದಕ್ಕೇ ಬರೆದಿದ್ದೇನೆ.

ಸೆಪ್ಟೆಂಬರ್ 27

ಅಪ್ಪ ತನ್ನ ಬಟ್ಟೆಯ ಗಂಟನ್ನು ತಾನೇ ಕಟ್ಟಿಕೊಂಡ. ನನಗೆ ಇಡೀ ದಿನ ಒಂದು ಮಾತೂ ತೋಚಲಿಲ್ಲ. ಅಪ್ಪನಿಗೂ ತೋಚಲಿಲ್ಲ. ಇದ್ದ ಒಂದು ದಿನವನ್ನು ಹೀಗೆ ಕಳೆದೆವು. ಆಸ್ಪತ್ರೆಯ ಬಾಗಿಲಲ್ಲಿ "ರೇಡಿಯೋಗೆ ಬ್ಯಾಟರಿ ತರೋದು ಮರೀಬೇಡ" ಎಂದ.

ಸೆಪ್ಟೆಂಬರ್ 28

ಆಯಿತು.

ಅಕ್ಟೋಬರ್ 7

ಅಪ್ಪನ ಕತ್ತಿನಲ್ಲಿ ಒಂದು ತೂತಿದೆ. ಉಸಿರು ಅಲ್ಲಿಂದಲೇ. ನಗುವಾಗ ಭುಜ ಅಲುಗುತ್ತದೆ, ಸದ್ದಿಲ್ಲ. ಅತ್ತೆ ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ಅಪ್ಪ ಮೊದಲು ಬರೆದದ್ದು: ಬ್ಯಾಟರಿ?

ತಂದಿದ್ದೆ. ಬಟ್ಟೆ ಒಗೆದೆ, ಗಂಜಿ ಸೋಸಿದೆ. ಬರೆಯಲು ಬೇರೇನೂ ಇಲ್ಲ.

ಅಕ್ಟೋಬರ್ 11, ಭಾನುವಾರ

ಮಾಂಗ್ ದೋರೋ ಜೀಪ್ನಿ ಮಾರಿ ದಾವಾವೊದಲ್ಲಿರುವ ಮಗಳ ಮನೆಗೆ ಹೊರಟರು. ಹೊರಡುವ ಮೊದಲು ಆಸ್ಪತ್ರೆಗೆ ಬಂದು ಅಪ್ಪನ ಪಾದ ಹಿಡಿದುಕೊಂಡು ಕೂತರು. ಎದ್ದು ಬಂದು ಹೊರಗೆ ನನ್ನ ಕೈಗೆ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟರು.

"ನನ್ನ ಚಿಕ್ಕಪ್ಪನ ಮಗನ ಸಾಮಾನಿನಲ್ಲಿತ್ತು, ಆ ಮೈಕಿನವನದು. ಟಾಕೀಸಿನದು, ಪೂರ್ತಿ. ಕೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ನೀನು ಮೊಂಡಿ, ಕೇಳ್ತೀಯ."

ಒಳಗೆ ಚಕ್ರಕ್ಕೆ ಸುತ್ತಿದ ದೊಡ್ಡ ಟೇಪು. ಅದನ್ನು ಓಡಿಸುವ ಯಂತ್ರ ಊರಲ್ಲಿ ರೇಡಿಯೋ ರಿಪೇರಿಯವನ ಬಳಿ ಮಾತ್ರ ಇದೆ. ಅಲ್ಲಿಗೆ ಓಡಿದೆ. ಐದನೆಯ ಹಾಡು 'ಲಂಗರು'.

ಮೊದಲ ಸಾಲು: ಯಾರದೋ, ತೆರೋಯ್‌ದೋ ಅಪ್ಪನದೋ, ದೇವರಿಗೂ ಹೇಳಲು ಆಗುತ್ತಿರಲಿಲ್ಲ. ಎರಡನೆಯ ಸಾಲು: ಪದದ ನಡುವೆ ಉಸಿರು. ಆಮೇಲೆ ಡ್ರಮ್ಮು. ಒಂದು, ಎರಡು, ಮೂರು. ಮೂರಕ್ಕೇ ಮುಂದಿನ ಸಾಲಿನ ದನಿ ಬಂತು. ಒಂದು ಚೂರೂ ತಡವರಿಸದೆ, ಬ್ಯಾಂಡಿನ ಜೊತೆಜೊತೆಗೇ.

ಆ ಹಾಡು ಬರೆದ ತೆರೋಯ್‌ಗೆ ನಾಲ್ಕು ಏಟು ಗೊತ್ತು. ಬ್ಯಾಂಡು ಮೂರೇ ಹೊಡೆದರೆ ಅವನು ಅಲ್ಲಿ ಎಡವಲೇಬೇಕು. ಮೂರಕ್ಕೆ ಸಲೀಸಾಗಿ ಬರುವ ಗಂಟಲು ಈ ಭೂಮಿಯ ಮೇಲೆ ಒಂದೇ ಇತ್ತು. ಮುಚ್ಚಿದ್ದು ತೆರೋಯ್‌ನ ಮೈಕು. ಜನ ಅತ್ತದ್ದು ಅಪ್ಪನಿಗೆ.

ಮತ್ತು ಆ ಗೀರು ನನ್ನದು. ನಾನು ಅಲ್ಲಿದ್ದೆ, ಒಂದು ಏಟಿನಷ್ಟು.

ರಿಪೇರಿಯವನು ಗಾಬರಿಯಾಗಿ ನೀರು ಕೊಟ್ಟ. ಕ್ಯಾಸೆಟ್ಟಿಗೆ ಇಳಿಸಿಕೊಡು ಎಂದೆ. ಕ್ಯಾಸೆಟ್ಟಿನ ಯಂತ್ರದ ಬೆಲ್ಟು ಹರಿದಿದೆಯಂತೆ, ಮನಿಲಾದಿಂದ ಬರಲು ಎರಡು ವಾರ.

ಅಕ್ಟೋಬರ್ 14

ಅಪ್ಪ ಮನೆಗೆ ಬಂದ. ಎಲ್ಲವನ್ನೂ ಹೇಳಿದೆ. ಮೂರು ಏಟು, ದನಿ ಎಡವಲಿಲ್ಲ, ನೀನೇ. ಅಪ್ಪ ಸ್ಲೇಟಿನಲ್ಲಿ ಬರೆದ: ನಿಜವಾ?

"ನಾನು ಯಾವಾಗ ಸುಳ್ಳು ಹೇಳಿದ್ದೀನಿ?"

ಅಪ್ಪ ಬರೆದ: ಹೇಳಿಲ್ಲ. ಅದನ್ನು ಅಳಿಸಿ ಮತ್ತೆ ಬರೆದ: ನನಗೂ ಕೇಳಬೇಕು.

ಆದರೆ ರಿಪೇರಿ ಅಂಗಡಿಯವರೆಗೆ ನಡೆಯಲು ಆಗುವುದಿಲ್ಲ. ಬೀದಿಯ ಧೂಳಿಗೆ ಕತ್ತಿನ ತೂತು ಕೆರಳುತ್ತದೆ. ಸ್ವಲ್ಪ ಸುಧಾರಿಸಿದ ಮೇಲೆ ಕರೆದೊಯ್ಯುತ್ತೇನೆ ಎಂದೆ. ಸಂಜೆ ಅಪ್ಪ ಪೆಟ್ಟಿಗೆಯಿಂದ ವೇದಿಕೆಯ ಬೆಳ್ಳಿ ಗುಂಡಿಯ ಅಂಗಿ ತೆಗೆಸಿದ. ಹಾಕಿಕೊಳ್ಳಲಿಲ್ಲ. ಗಾಳಿಗೆ ಹಾಕು ಎಂದು ಸನ್ನೆ ಮಾಡಿದ.

ಅಕ್ಟೋಬರ್ 16

ಟೇಪನ್ನು ಲಕ್ವೆಸ್ತಾಗೆ ಕಳಿಸಿದೆ. ಜೊತೆಗೆ ನಾಲ್ಕು ಪುಟದ ಪತ್ರ: ಪರದೆ, ಎರಡು ಮೈಕು, ಗೀರು, ಮೂರು ಏಟು, ಎಲ್ಲವನ್ನೂ ಬರೆದೆ. ಇದು ತೆರೋಯ್ ಅಲ್ಲ, ನನ್ನ ಅಪ್ಪ ಕ್ರಿಸಾಂತೋ ಅಬಾರ್ಕೆಸ್, ಆ ಹೆಸರನ್ನು ರೇಡಿಯೋದಲ್ಲಿ ಹೇಳಿ ಎಂದೆ.

ಅತ್ತೆ ಬಾಣಲೆಯ ಮುಂದಿಂದ ಎದ್ದು ಬಂದು ಬೈದಳು. "ಬೆಲ್ಟು ಬರೋತನಕ ಕಾಯೋಕೇನಾಗಿತ್ತೇ ನಿನಗೆ? ಅಪ್ಪ ಇನ್ನೂ ಕೇಳೇ ಇಲ್ಲ. ಅದನ್ನ ಊರಿಗೆಲ್ಲ ಯಾಕೆ ಸಾರ್ಬೇಕು?"

"ಸುಳ್ಳು ಹೆಸರಿನಲ್ಲಿ ಇರೋದು ಬೇಡ."

"ಇಡೀ ಜನ್ಮ ಹಾಗೇ ಇದ್ನಲ್ಲ. ಸತ್ತೋದ್ನಾ?"

ಅತ್ತೆಗೆ ಇದು ಅರ್ಥವಾಗುವುದಿಲ್ಲ. ಅಪ್ಪ ತನ್ನನ್ನು ತಾನು ಮೊದಲ ಸಲ ಕೇಳಬೇಕಾದದ್ದು ರೇಡಿಯೋದಲ್ಲಿ, ತನ್ನ ಹೆಸರಿನ ಜೊತೆಗೆ. ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಅಲ್ಲ.

ನವೆಂಬರ್ 1, ಭಾನುವಾರ

ಸತ್ತವರ ದಿನ. ಅಮ್ಮನ ಸಮಾಧಿಗೆ ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ ಬಂದೆ. ಪಕ್ಕದ ಸಮಾಧಿಯವರು ರೇಡಿಯೋ ತಂದು ಇಸ್ಪೀಟು ಆಡುತ್ತಿದ್ದರು. ಮೂರು ಗಂಟೆಗೆ ನನಗೂ ಕೇಳಲು ಬಿಟ್ಟರು. ಗಣಿ ಕೆಲಸದವನೊಬ್ಬ ಹಾಡಿದ ತೆರೋಯ್ ಹಾಡು ಬಂತು. ಅವನು ಉಸಿರನ್ನು ತಪ್ಪು ಜಾಗದಲ್ಲಿ ಎಳೆದುಕೊಂಡ. ಕಿವಿಗೆ ಕಲ್ಲು ಸಿಕ್ಕಿದಂತಾಯಿತು. ಪ್ಲೇಟಿನಲ್ಲಿ ಇರುವ ಹಾಗೆ ಹಾಡಲು ಏನು ಕಷ್ಟ ಇವರಿಗೆ?

ಲಕ್ವೆಸ್ತಾ ನಮ್ಮ ಹೆಸರೆತ್ತಲಿಲ್ಲ.

ನವೆಂಬರ್ 10

ಅಪ್ಪ ಇಳಿದುಹೋಗಿದ್ದಾನೆ. ಡಾಕ್ಟರು ಕತ್ತಿನ ಎಡಗಡೆ ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದರು. ಹೇಳಿದ್ದನ್ನು ಬರೆಯುವುದಿಲ್ಲ. ಡಾಕ್ಟರು ಏನಂದರು ಎಂದು ಅಪ್ಪ ಸ್ಲೇಟಿನಲ್ಲಿ ಕೇಳಿದ. "ಚೆನ್ನಾಗಿ ಊಟ ಮಾಡ್ಬೇಕಂತೆ" ಎಂದೆ. ಡಾಕ್ಟರು ಅದನ್ನೂ ಹೇಳಿದ್ದರು.

ನವೆಂಬರ್ 18

ಲಕ್ವೆಸ್ತಾರ ಪತ್ರ ಬಂತು. ಬಹಳ ಮರ್ಯಾದೆಯ ಪತ್ರ.

ಟೇಪಿಗೆ ಸಾವಿರ ವಂದನೆ. ತೆರೋಯ್ ಹಾಡನ್ನು ಪರದೆ ಹಿಂದೆ ಹಾಡಿದವನು ತಾನೇ ಎಂದು ಇದುವರೆಗೆ ಒಂಬತ್ತು ಮಂದಿ ಅವರಿಗೆ ಬರೆದಿದ್ದಾರಂತೆ. ಅಪ್ಪನ ಮೇಲಿನ ಮಗಳ ಪ್ರೀತಿ ಅವರಿಗೆ ಅರ್ಥವಾಗುತ್ತದಂತೆ. "ಆದರೆ ಒಂದು ಉಪಕಾರ ಮಾಡಿದಿರಿ. ಒಂದು ಏಟು ಕಡಿಮೆಯಿದೆ ಎಂದು ನೀವು ಬರೆಯದಿದ್ದರೆ ನಾವು ಗಮನಿಸುತ್ತಲೇ ಇರಲಿಲ್ಲ. ಹಳೆಯ ಟೇಪು ಅಲ್ಲಿ ಹಾಳಾಗಿರಬೇಕು. ನಮ್ಮ ತಂತ್ರಜ್ಞರು ಬ್ಲೇಡಿನಿಂದ ಅಲ್ಲಿ ಕತ್ತರಿಸಿ, ಹಾಡಿನ ಬೇರೆ ಜಾಗದ ಒಂದು ಏಟನ್ನು ತಂದು ಜೋಡಿಸಿದ್ದಾರೆ. ಈಗ ಎಲ್ಲಿ ಎಂದು ನನಗೇ ಗುರುತಾಗುವುದಿಲ್ಲ. ಭಾನುವಾರ ತಪ್ಪದೆ ಕೇಳಿ."

ಪತ್ರವನ್ನು ಅತ್ತೆಯ ಒಲೆಗೆ ಹಾಕಿದೆ. ಆಮೇಲೆ ಔಷಧಿ ಅಂಗಡಿಯಿಂದ ಫೋನ್ ಮಾಡಿದೆ. ಲಕ್ವೆಸ್ತಾರೇ ಸಿಕ್ಕರು.

"ಮೊದಲಿದ್ದ ಹಾಗೆ ಮಾಡಿ. ದಯವಿಟ್ಟು."

"ಹಾಳಾದದ್ದನ್ನ ಸರಿ ಮಾಡಿದ್ದೀವಲ್ಲಮ್ಮ."

"ಅದಕ್ಕೆ ಮೊದಲು ಬೇರೆ ಟೇಪಿಗೆ ಇಳಿಸಿಕೊಂಡಿದ್ರಾ?"

"ಹಾಳಾದದ್ದನ್ನ ಯಾರಾದ್ರೂ ಇಳಿಸ್ಕೋತಾರಾ?"

ಹಿಂದೆ ಯಾರದೋ ಹಲ್ಲು ಕೊರೆಯುವ ಸದ್ದು ಕೇಳುತ್ತಿತ್ತು.

ಭಾನುವಾರ ಹಾಡು ಬರುತ್ತದೆ ಎಂದಷ್ಟೇ ಅಪ್ಪನಿಗೆ ಹೇಳಿದೆ, ಏಟಿನ ವಿಷಯ ಹೇಳಿಲ್ಲ. ನಾಳೆ ಹೇಳುತ್ತೇನೆ.

ನವೆಂಬರ್ 21

ಹೇಳಿಲ್ಲ. ಅಪ್ಪ ಅಂಗಿಗೆ ಇಸ್ತ್ರಿ ಮಾಡಿಸಿದ.

ನವೆಂಬರ್ 22, ಭಾನುವಾರ

ಬೆಳ್ಳಿ ಗುಂಡಿಯ ಅಂಗಿ ಅಪ್ಪನಿಗೆ ಈಗ ಎರಡು ಪಟ್ಟು ದೊಡ್ಡದು. ಕತ್ತಿನ ಗುಂಡಿ ಹಾಕುವಂತಿಲ್ಲ. ಅತ್ತೆ ಒಲೆ ಆರಿಸಿ ಒಳಗೆ ಬಂದು ಕೂತಳು. ಮೂರು ಗಂಟೆ.

ಲಕ್ವೆಸ್ತಾ ದೇಶದಲ್ಲಿ ಯಾರೂ ಕೇಳಿರದ ತೆರೋಯ್ ಎಂದರು. ಇನ್ನೇನೂ ಹೇಳಲಿಲ್ಲ. ಹಾಡು ಶುರುವಾಯಿತು.

ಅಪ್ಪನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಮೊದಲ ಸಾಲು. ಎರಡನೆಯ ಸಾಲು, ಪದದ ನಡುವೆ ಉಸಿರು. ಅಪ್ಪನ ಕತ್ತಿನ ತೂತು ಅಲ್ಲೇ ಉಸಿರೆಳೆಯಿತು. ಒಂದು, ಎರಡು, ಮೂರು. ಅಪ್ಪನ ಬೆರಳು ಸಾಲಿಗೆ ಇಳಿಯಿತು. ನನ್ನದೂ ಇಳಿಯಿತು, ಯಾವಾಗಿನಿಂದ ತಾಳ ಹಾಕುತ್ತಿದ್ದೆನೋ ತಿಳಿಯದು. ರೇಡಿಯೋ ಇನ್ನೊಂದು ಏಟು ಹೊಡೆಯಿತು. ಆಮೇಲೆ ದನಿ ಬಂತು.

ಅಲ್ಲಿಂದ ಹಾಡಿನ ಕೊನೆಯವರೆಗೆ ನಾವಿಬ್ಬರೂ ಒಂದು ಏಟು ಮುಂದಿದ್ದೆವು. ಕೊನೆಯಲ್ಲಿ ಟಾಕೀಸಿನ ಜನ ಕೂಗಿದರು. ಅಳುತ್ತಿದ್ದರು ಎಂದೇ ಕೇಳಿಸಿತು.

ಅಪ್ಪ ಸ್ಲೇಟು ಎಳೆದುಕೊಂಡ. ನಿಧಾನವಾಗಿ ಬರೆದ: ನಾಲ್ಕು. ದೋರೋ ಕೂಡ ತೆರೋಯ್ ಜೊತೆ ನಾಲ್ಕಕ್ಕೆ ಹೋಗಿದ್ದಾನೆ. ಮೂರರಲ್ಲಿ ಇದ್ದವನು ನಾನೊಬ್ಬನೇ. ನನ್ನ ಮೈಕು ಮುಚ್ಚಿತ್ತು.

"ಇಲ್ಲ ಅಪ್ಪ" ಎಂದೆ. ಎಲ್ಲವನ್ನೂ ಹೇಳಿದೆ. ನಾನು ಬರೆದ ಪತ್ರ, ಅವರ ಪತ್ರ, ಬ್ಲೇಡು, ಜೋಡಿಸಿದ ಏಟು, ನಾನು ನಾಲ್ಕು ದಿನ ಮುಚ್ಚಿಟ್ಟದ್ದು. "ಅದು ನೀನೇ. ನನ್ನಾಣೆ ನೀನೇ."

ಪತ್ರ ಎಲ್ಲಿ ಎಂದು ಕೈಯಲ್ಲೇ ಕೇಳಿದ.

"ಸುಟ್ಟುಬಿಟ್ಟೆ."

ಅಪ್ಪ ಅತ್ತೆಯ ಕಡೆ ನೋಡಿದ. ಅತ್ತೆ ಪತ್ರವನ್ನು ನೋಡಿರಲಿಲ್ಲ. ತಲೆ ತಗ್ಗಿಸಿದಳು.

ನಾನು ಸುಳ್ಳು ಹೇಳುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತು. ಅದಕ್ಕೇ ಶಾಲೆ ಬಿಟ್ಟವಳು ನಾನು. ಅಪ್ಪ ನನ್ನ ಮುಖವನ್ನು ನೋಡುತ್ತಲೇ ಇದ್ದ. ನೋಡುತ್ತಾ ನೋಡುತ್ತಾ ಅವನ ಕಣ್ಣು ಮೆತ್ತಗಾಯಿತು. ಕೈ ಚಾಚಿ ನನ್ನ ತಲೆ ಸವರಿದ, ಇಷ್ಟು ವರ್ಷಕ್ಕೆ ಮಗಳು ಒಂದು ಒಳ್ಳೆಯ ಸುಳ್ಳು ಹೇಳುವುದನ್ನು ಕಲಿತಳಲ್ಲ ಎಂಬ ಹಾಗೆ. ಆಮೇಲೆ ತೋಳಿನಿಂದ ಸ್ಲೇಟನ್ನು ಒರೆಸಿ ಬರೆದ:

ಚೆನ್ನಾಗಿ ಹೇಳಿದೆ.